ತಲೆ ಮೇಲೆ ಕೈ

ಗೋಡೆಯ ಬುಡದಲ್ಲಿ ಯಾರೋ ಮಲಗಿದ್ದಾರೆ ಅಂತಲೇ ಮೊದಲು ಅಂದುಕೊಂಡೆ. ಕಡಲ ದಂಡೆಯಲ್ಲಿ ಬೆಳಗಿನ ಹೊತ್ತು ಹಾಗೆ ಬಿದ್ದುಕೊಂಡಿರುವವರು ಇರುತ್ತಾರೆ. ಆದರೆ ಮೈಗಂಟುವ ರಬ್ಬರ್ ಸೂಟು ತೊಟ್ಟು, ಸೊಂಟಕ್ಕೆ ಪಟ್ಟಾ ಬಿಗಿದು, ಒಂದು ಕಾಲು ಹೋಗಬಾರದ ಕಡೆಗೆ ತಿರುಗಿರುವ ಹಾಗೆ ಯಾರೂ ಮಲಗುವುದಿಲ್ಲ. ಸೈಕಲ್ ಬಿಸಾಡಿ ಓಡಿದೆ. ನಮ್ಮ ಹಲ್ಲಿನ ಡಾಕ್ಟರು. ಉಸಿರಿತ್ತು, ಎಚ್ಚರವಿರಲಿಲ್ಲ.

ಗಾಳಿ ಹೇಗಿತ್ತೆಂದರೆ ನನ್ನ ಕೂಗು ನನಗೇ ಕೇಳಿಸಲಿಲ್ಲ. ಅಂಥ ಗಾಳಿಯಲ್ಲೂ ಡಾಕ್ಟರ ಪಟ ಬೇಲಿಯ ಮೇಲೆ ಒಣಹಾಕಿದ ಬೆಡ್‌ಶೀಟಿನ ಹಾಗೆ ತೆಪ್ಪಗೆ ಜೋತುಬಿದ್ದಿತ್ತು. ಪಟ ನಡೆಸುವ ಹಿಡಿಗೋಲು ಅವರಿಂದ ಎರಡು ಮಾರು ಆಚೆ ಮರಳಲ್ಲಿ ಬಿದ್ದಿತ್ತು. ಇದೆಲ್ಲ ಕಂಡೆ, ಕಂಡದ್ದೇ ಮರೆತೆ. ಓಡಿಹೋಗಿ ಶಾಲೆಯ ಬಾಗಿಲು ಬಡಿದೆ.

ಶಾಲೆ ಎಂದರೆ ಕೈಟ್‌ಸರ್ಫಿಂಗ್ ಶಾಲೆ. ಕೋಣೆಯಷ್ಟು ಅಗಲದ ಪಟವನ್ನು ಗಾಳಿಗೆ ಬಿಟ್ಟು, ಅದರ ದಾರವನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಹಾರಿಹೋಗುವ ಆಟ. ಹಾರುವುದು ಬೇರೆಯವರು. ನಾನಿನ್ನೂ ಮರಳು ತಿನ್ನುವ ಹಂತದಲ್ಲಿದ್ದೇನೆ. ಹಲಗೆ ಸಿಕ್ಕರೆ ಗಾಳಿ ಇರುವುದಿಲ್ಲ, ಗಾಳಿ ಬಂದರೆ ದಾರ ಗಂಟು, ಗಂಟು ಬಿಡಿಸುವಷ್ಟರಲ್ಲಿ ಮತ್ತೆ ಗಾಳಿ ಇರುವುದಿಲ್ಲ. ಮೊದಲ ವಾರ ಪಟ ನೆತ್ತಿಯ ಮೇಲಿದ್ದಾಗ ತಲೆ ತುರಿಸಿತೆಂದು ಕೈ ಎತ್ತಿದೆ. ಕಲಿಸುವ ಅಕ್ಕ ಬಾಣದ ಹಾಗೆ ಓಡಿಬಂದು ನನ್ನ ಪಟ ಹಿಡಿದು ಕೆಳಗಿಳಿಸಿಬಿಟ್ಟಳು. ಆ ದಿನದ ನನ್ನ ಸವಾರಿ ಅಲ್ಲಿಗೆ ಮುಗಿಯಿತು. "ತುರಿಕೆ ಬಂದ್ರೆ ತಡ್ಕೋ" ಎಂದಳು. ಅವಳನ್ನು ನಾವೆಲ್ಲ ಕೋಚಕ್ಕ ಅನ್ನುತ್ತೇವೆ, ಅವಳ ಗಂಡನನ್ನು ಭಾವ.

ನಾನು ಬಾಗಿಲು ಬಡಿದಾಗ ಕೋಚಕ್ಕ ಆಫೀಸಿನಿಂದ ಬಂದಳು, ಭಾವ ಶೆಡ್ಡಿನಿಂದ. ಶೆಡ್ಡಿನಲ್ಲಿ ಗಾಳಿ ತುಂಬುವ ಮೋಟರು ಇನ್ನೂ ಗುರುಗುಡುತ್ತಿತ್ತು. ಕೋಚಕ್ಕ ಡಾಕ್ಟರ ತಲೆ ಅಲುಗದಂತೆ ಹಿಡಿದು ಕೂತಳು. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಭಾವ ಪಟ ಮಡಚಿ, ದಾರ ಸುತ್ತಿ, ಎಲ್ಲ ಶೆಡ್ಡಿಗೆ ಒಯ್ದ.

ಮಧ್ಯಾಹ್ನ ಇನ್ಸ್‌ಪೆಕ್ಟರು ಬಂದು ಅದನ್ನೆಲ್ಲ ಬಿಚ್ಚಿಸಿದರು. ಈ ಆಟದಲ್ಲಿ ಜೀವ ಉಳಿಸುವುದು ಒಂದೇ ವಸ್ತು: ಹೊಟ್ಟೆಯ ಮುಂದಿರುವ ಕೆಂಪು ಹಿಡಿ. ಅದನ್ನು ಮುಂದಕ್ಕೆ ನೂಕಿದರೆ ಕೊಕ್ಕೆ ಬಿಚ್ಚಿ, ಒಂದು ದಾರ ಬಿಟ್ಟು ಉಳಿದವೆಲ್ಲ ಸಡಿಲವಾಗಿ, ಹಿಡಿಗೋಲು ಆ ಒಂದು ದಾರದುದ್ದಕ್ಕೂ ಜಾರಿಹೋಗಿ, ಪಟದ ಜೀವ ಹೋಗುತ್ತದೆ. ಡಾಕ್ಟರ ಕೆಂಪು ಹಿಡಿ ಕೊಕ್ಕೆಗೆ ಬಿಗಿಯಾಗಿ ಕೂತಿತ್ತು. ಒಳಗೆ ಮರಳು ಮೆತ್ತಿತ್ತು. ಎಳೆದರೂ ನೂಕಿದರೂ ಅಲುಗಲಿಲ್ಲ.

ಹಿಂದಿನ ದಿನ ಅದನ್ನು ಬಿಚ್ಚಿ ತೊಳೆದು ಕೊಟ್ಟವನು ಪಟದ ದರ್ಜಿ. ದಂಡೆಯಲ್ಲಿ ಹರಿದ ಪಟಗಳನ್ನೂ ನಮ್ಮ ಶಾಲೆಯ ಕಿತ್ತಳೆ ಜಾಕೀಟುಗಳನ್ನೂ ಹೊಲಿಯುವವನು ಅವನೊಬ್ಬನೇ. ಮೂಗಿನ ತುದಿಯಲ್ಲೇ ಸಿಟ್ಟು. ಅವನಿಗೂ ಡಾಕ್ಟರಿಗೂ ಹಲ್ಲಿನ ಜಗಳ. ನೋವಿದ್ದ ಹಲ್ಲು ಬಿಟ್ಟು ಪಕ್ಕದ್ದನ್ನು ಕಿತ್ತಿದ್ದರಂತೆ. "ನನ್ನ ಹಲ್ಲು ನಿಮ್ಮ ಕೈಲಿತ್ತು, ನಿಮ್ಮ ಪಟ ನನ್ನ ಕೈಲಿದೆ, ನೆನಪಿರ್ಲಿ" ಎಂದು ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಹೇಳಿದ್ದ. ಇನ್ಸ್‌ಪೆಕ್ಟರಿಗೆ ಇನ್ನೇನು ಬೇಕು? ಜೀಪಿನಲ್ಲಿ ಕೂರಿಸಿಕೊಂಡು ಹೋದರು.

ಸಂಜೆ ಕೋಚಕ್ಕ ನಮ್ಮ ಮನೆಗೆ ಬಂದಳು, ನನ್ನನ್ನು ನೋಡಲು ಅಲ್ಲ, ಮಹಡಿಯ ಕೋಣೆಯಲ್ಲಿರುವ ನನ್ನ ಸೋದರತ್ತೆಯನ್ನು ನೋಡಲು. ಅತ್ತೆ ಬಂದರಿನಲ್ಲಿ ಅಪಘಾತಗಳ ತನಿಖೆ ಮಾಡಿ ನಿವೃತ್ತರಾದವರು. ಈಜು ಬರುವುದಿಲ್ಲ, ಮರಳು ಕಂಡರಾಗುವುದಿಲ್ಲ, ಆದರೆ ಊರಿನಲ್ಲಿ ಬಿಡಿಸಲಾಗದ ಗಂಟೆಲ್ಲ ಕೊನೆಗೆ ಅವರ ಮೆಟ್ಟಿಲು ಹತ್ತುತ್ತದೆ.

"ದರ್ಜಿ ಅಂಥೋನಲ್ಲ, ಅತ್ತೆ" ಎಂದಳು ಕೋಚಕ್ಕ. "ಬಾಯಿ ಕೆಟ್ಟದ್ದು, ಕೈ ಕೆಟ್ಟದ್ದಲ್ಲ. ನನ್ನ ಹತ್ರ ಕಲಿಯೋರ ಜೀವ ಎಲ್ಲಾ ಅವನ ಹೊಲಿಗೆ ಮೇಲೇ ನಿಂತಿದೆ. ಡಾಕ್ಟರಿಗೆ ಏನಾದ್ರೂ ಆದ್ರೆ ಅವನ ಮೇಲೆ ಕೊಲೆ ಕೇಸು ಹಾಕ್ತಾರಂತೆ. ನಿಜ ಏನು ಅಂತ ನೀವು ಹುಡುಕ್ಕೊಡಿ."

"ಡಾಕ್ಟರು ನೀರಿಗಿಳಿದಾಗ ದಡದಲ್ಲಿ ಯಾರಿದ್ರು?"

"ಯಾರೂ ಇರ್ಲಿಲ್ಲ ಅಂತಾರೆ ನಮ್ಮ ಯಜಮಾನ್ರು. ದಡದಲ್ಲಿ ಒಬ್ರಿಲ್ದೆ ಇಳೀಬಾರ್ದು ಅಂತ ನಮ್ಮ ಕಾನೂನು. ಡಾಕ್ಟರು ಹೇಳ್ದೆ ಕೇಳ್ದೆ ಹೋಗಿಬಿಟ್ರಂತೆ."

ಅತ್ತೆ ಅವಳ ಕಡೆ ತಿರುಗಿ ಕೂತರು. "ನಿಜ ಅನ್ನೋದು ಯಾರ ಮನೆ ಬಾಗ್ಲು ತಟ್ಟುತ್ತೆ ಅಂತ ಹೇಳೋಕಾಗಲ್ಲ, ತಾಯಿ."

"ಯಾರದಾದ್ರೂ ತಟ್ಲಿ. ತಪ್ಪಿಲ್ದೋನು ಒಳಗಿರಬಾರ್ದು."

ಮಾರನೆಯ ಬೆಳಗ್ಗೆ ಅತ್ತೆ ಮಡಚುವ ಸ್ಟೂಲು ಕಂಕುಳಲ್ಲಿಟ್ಟುಕೊಂಡು ಹೊರಟರು. ದಾರಿಯುದ್ದಕ್ಕೂ ನನ್ನನ್ನು ಕೆದಕಿದರು. ನಾನು "ಪಾಪ, ಗಾಳಿಗೆ ಎತ್ತಿ ಒಗೆದಿರಬೇಕು" ಎನ್ನುತ್ತಿದ್ದಂತೆ ತಡೆದರು.

"ನೋಡಿದ್ದು ಹೇಳು ಕಣೇ, ಅರ್ಥ ಹೇಳ್ಬೇಡ. ಅರ್ಥ ನನ್ನ ಹತ್ರಾನೂ ಬೇಕಾದಷ್ಟಿದೆ."

ಆಗಲೇ ನನಗೆ ಬೇಲಿಯ ಮೇಲಿನ ಬೆಡ್‌ಶೀಟು ನೆನಪಾದದ್ದು, ಆಚೆ ಬಿದ್ದಿದ್ದ ಹಿಡಿಗೋಲೂ. "ಇದನ್ನ ನಿನ್ನೇನೇ ಹೇಳೋಕೆ ನಿನ್ನ ಬಾಯಿಗೇನಾಗಿತ್ತು?" ಎಂದರು.

ಮೊದಲು ದಂಡೆಯ ಕ್ಯಾಂಟೀನಿಗೆ ಹೋದೆವು. ಕ್ಯಾಂಟೀನಮ್ಮ ಪೊಲೀಸರಿಗೆ ಹೇಳಿದ್ದನ್ನೇ ಮತ್ತೆ ಹೇಳಿದಳು. "ಪಾಪ, ಡಾಕ್ಟರು ಮೊಣಕಾಲುದ್ದ ನೀರಲ್ಲಿ ನಿಂತ್ಕೊಂಡು ತಲೆ ತಲೆ ಬಡ್ಕೋತಿದ್ರು. ಏನು ದುಃಖವೋ. ಎದುರಿಗೆ ಕಿತ್ಲೆ ಜಾಕೀಟಿನೋನೊಬ್ಬ ನಿಂತಿದ್ದ, ನನ್ನ ಕಡೆ ಬೆನ್ನು. ಅವನೂ ತಲೆ ಮೇಲೆ ಕೈ ಹೊತ್ಕೊಂಡ. ಆಮೇಲೆ ಹೊರಟೇ ಹೋದ. ನಾನು ಒಲೆ ಮೇಲಿನ ಹಾಲು ನೋಡೋಕೆ ಒಳಗೆ ಹೋದೆ."

ಜಾಕೀಟುಗಳ ರಾಶಿಯೇ ದರ್ಜಿಯ ಅಂಗಡಿಯಲ್ಲಿದೆ. ಇಬ್ಬರೂ ತಲೆ ಚಚ್ಚಿಕೊಳ್ಳುವಷ್ಟು ಜಗಳ ಆಡಿದ್ದಾರೆ ಎಂದು ಇನ್ಸ್‌ಪೆಕ್ಟರು ತೀರ್ಮಾನಿಸಿದ್ದರು.

"ಯಾವ ಕೈಲಿ ಬಡ್ಕೊಂಡ್ರು?" ಎಂದು ಅತ್ತೆ ಕೇಳಿದರು.

"ಒಂದೇ ಕೈಲಿ. ಇನ್ನೊಂದ್ರಲ್ಲಿ ಆ ಕೋಲಿತ್ತಲ್ಲ. ಮೆಲ್ಲಗೆ, ಮಗೂನ ಮಲಗಿಸೋಕೆ ತಟ್ತಾರಲ್ಲ, ಹಂಗೆ."

"ದುಃಖದಲ್ಲಿ ಯಾರೂ ಅಷ್ಟು ಮೆಲ್ಲಗೆ ಬಡ್ಕೊಳ್ಳಲ್ಲ ಬಿಡು" ಎಂದು ಎದ್ದರು ಅತ್ತೆ. ನಾನು ಡಾಕ್ಟರಿಗೆ ಯಾವ ದುಃಖವಿದ್ದೀತು ಎಂದೇ ಯೋಚಿಸುತ್ತಿದ್ದೆ.

ಶಾಲೆಯ ಆಫೀಸಿನಲ್ಲಿ ಭಾವ ಕಣ್ಣು ಕೆಂಪಾಗಿಸಿಕೊಂಡು ಕೂತಿದ್ದ. ಅವನು ಒಂದು ಕಾಲದಲ್ಲಿ ಸಮುದ್ರದ ತಳದಲ್ಲಿ ಪೈಪು ಜೋಡಿಸುವ ಮುಳುಗುಗಾರ. ಕಿವಿಯ ತಮಟೆ ಒಡೆದ ಮೇಲೆ ದಡ ಸೇರಿದವನು. ಗೋಡೆಯ ಮೇಲೆ ಆ ಕಾಲದ ಫೋಟೋ ಇತ್ತು: ಕತ್ತಿನವರೆಗೆ ನೀರು, ತಲೆಯ ಮೇಲೆ ಕೈ, ಬಾಯಿ ತುಂಬ ನಗು.

ಅತ್ತೆ ಅದನ್ನು ನೋಡುತ್ತ ನಿಂತದ್ದು ಕಂಡು ಕೋಚಕ್ಕ ಹಗುರವಾಗಿ ನಕ್ಕಳು. "ಮದುವೆ ಆದ್ಮೇಲೂ ಹಂಗೇ ತಲೆ ಮೇಲೆ ಕೈ ಹೊತ್ತು ಕೂರ್ತಾರೆ, ಅತ್ತೆ. ನಗು ಮಾತ್ರ ಹೋಯ್ತು."

"ನಿನ್ನ ಪಾಠಕ್ಕೆ ಇವ್ರೂ ಕೂತಿದ್ರಾ?"

"ಎಲ್ಲಿ? ಹೆಂಡ್ತಿ ಪಾಠಕ್ಕೆ ಗಂಡ ಕೂರೋದುಂಟಾ ಅಂತಾರೆ. ಸಮುದ್ರ ನಂಗೆ ಹೇಳ್ಕೊಡ್ತೀಯಾ ಅಂತಾರೆ."

ಅತ್ತೆ ಸ್ಟೂಲು ಎತ್ತಿಕೊಂಡು, ಮರಳಿಗೆ ಶಾಪ ಹಾಕುತ್ತ, ನೀರಿನ ಅಂಚಿನವರೆಗೆ ಒಬ್ಬರೇ ನಡೆದುಹೋದರು. ನಾವು ಮೂವರೂ ಜಗಲಿಯಲ್ಲಿ ನಿಂತು ನೋಡುತ್ತಿದ್ದೆವು. ಅಲ್ಲಿಂದ ತಿರುಗಿ ಅವರು ಅಂಗೈಯಿಂದ ತಮ್ಮ ತಲೆಯನ್ನು ಮೆಲ್ಲಗೆ ತಟ್ಟಿಕೊಂಡರು. ಒಂದು ಸಲ, ಇನ್ನೊಂದು ಸಲ.

ಕೋಚಕ್ಕ ಓಡಿದಳು. ಯಾಕೆಂದು ಗೊತ್ತಾಗುವ ಮೊದಲೇ ನನ್ನ ಕಾಲೂ ಓಡಿತು. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಭಾವ ಜಗಲಿಯಲ್ಲೇ ನಿಂತು, ತೋಳನ್ನು ಬಳೆಯ ಹಾಗೆ ಬಾಗಿಸಿ, ಕೈ ತಲೆಯ ಮೇಲಿಟ್ಟು ತೋರಿಸಿ, ಒಳಗೆ ಹೋಗುತ್ತಿದ್ದ.

"ಏನಾಯ್ತು ಅತ್ತೆ?" ಎಂದಳು ಕೋಚಕ್ಕ ಏದುಸಿರು ಬಿಡುತ್ತ.

"ಕೂದಲಲ್ಲಿ ಮರಳು" ಎಂದರು ಅತ್ತೆ. ಆದರೆ ಅವರ ಮುಖ ಬಾಡಿತ್ತು. ಮನೆಗೆ ಹೋದವರೇ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದರು.

ಸಂಜೆ ಎಲ್ಲರೂ ಶಾಲೆಯ ಪಾಠದ ಕೋಣೆಯಲ್ಲಿ ಸೇರಿದೆವು. ಇನ್ಸ್‌ಪೆಕ್ಟರು ದರ್ಜಿಯನ್ನೂ ಕರೆತಂದಿದ್ದರು. ಅವನು ಹಲ್ಲುನೋವಿಗೆ ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಮೂಲೆಯಲ್ಲಿ ಕೂತ. ಕ್ಯಾಂಟೀನಮ್ಮ ಬಾಗಿಲ ಬಳಿ, ಕೋಚಕ್ಕ ಮತ್ತು ಭಾವ ಒಂದೇ ಬೆಂಚಿನ ಮೇಲೆ. ಡಾಕ್ಟರಿಗೆ ಇನ್ನೂ ಎಚ್ಚರವಾಗಿಲ್ಲ ಎಂದು ಆಸ್ಪತ್ರೆಯಿಂದ ಸುದ್ದಿ ಬಂದಿತ್ತು.

"ಮರಳಿಂದ ಶುರು ಮಾಡೋಣ" ಎಂದರು ಅತ್ತೆ. "ಕೆಂಪು ಹಿಡಿ ಬಿಚ್ಚದೆ ಇದ್ದಿದ್ರೆ ಪಟ ಏನು ಮಾಡ್ತಿತ್ತು, ಇನ್ಸ್‌ಪೆಕ್ಟರೇ?"

"ಎಳೀತಾನೇ ಇರ್ತಿತ್ತು."

"ಆ ಗಾಳೀಲಿ ಡಾಕ್ಟರನ್ನ ಗೋಡೆ ದಾಟಿಸಿ ರಸ್ತೆಗೆ ಎಳೀತಿತ್ತು. ನಮ್ಮ ಹುಡುಗಿ ಕಂಡಾಗ ಅದು ಬೇಲಿ ಮೇಲೆ ಸತ್ತು ಬಿದ್ದಿತ್ತು. ಹಿಡಿಗೋಲು ಎರಡು ಮಾರು ಆಚೆ ಇತ್ತು. ಕೊಕ್ಕೆ ಬಿಗಿಯಾಗಿದ್ರೆ ಆ ಕೋಲು ಡಾಕ್ಟರ ಹೊಟ್ಟೆಗೆ ಅಂಟ್ಕೊಂಡೇ ಇರ್ಬೇಕಿತ್ತು. ಅಂದ್ರೆ ಡಾಕ್ಟರು ಹಿಡಿ ನೂಕಿದ್ರು, ಅದು ಬಿಚ್ಚಿತ್ತು. ತಡವಾಗಿತ್ತು, ಅಷ್ಟೇ. ದರ್ಜಿ ಕೆಲಸ ಅಚ್ಚುಕಟ್ಟಾಗೇ ಇತ್ತು."

"ನಾನು ಬಡ್ಕೊಂಡೆ, ಯಾರು ಕೇಳಿದ್ರು?" ಎಂದ ದರ್ಜಿ.

"ನೀನು ಬಡ್ಕೊಂಡಿದ್ದು ಜಾಸ್ತಿಯಾಗೇ ಹಿಂಗಾಗಿದ್ದು, ಸುಮ್ನಿರು. ಈಗ, ಬಿಚ್ಚಿದ ಹಿಡೀನ ಆಮೇಲೆ ಯಾರೋ ಮತ್ತೆ ಕೂರಿಸಿ ಮರಳು ಮೆತ್ತಿದ್ದಾರೆ. ಶೆಡ್ಡಿನಲ್ಲಿ. ದರ್ಜಿ ಯಾಕೆ ಮೆತ್ತುತ್ತಾನೆ, ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕ್ಕೊಳ್ಳೋಕಾ? ತಪ್ಪು ಸಾಮಾನಿನದು ಅಂತ ಆದ್ರೆ ಯಾರಿಗೆ ಅನುಕೂಲ? ದಡದಲ್ಲಿ ನಿಂತಿದ್ದೋನಿಗೆ."

ಅತ್ತೆ ನನ್ನ ಕಡೆ ತಿರುಗಿದರು. "ಪಟ ಮೇಲಿರುವಾಗ ತಲೆ ತಟ್ಟಿಕೊಂಡ್ರೆ ನಿಮ್ಮ ಆಟದಲ್ಲಿ ಏನರ್ಥ?"

ಒಮ್ಮೆಗೇ ಎಲ್ಲ ನೆನಪಾಯಿತು: ತುರಿಕೆ, ಓಡಿಬಂದ ಕೋಚಕ್ಕ, ಬೆಳಗ್ಗೆ ತಾನಾಗಿ ಓಡಿದ ನನ್ನ ಕಾಲು. "ನನ್ನ ಪಟ ಇಳಿಸಿ, ಬಂದು ಹಿಡೀರಿ ಅಂತ."

"ಕ್ಯಾಂಟೀನಮ್ಮ ಕಂಡಿದ್ದನ್ನ ಸರಿಯಾಗೇ ಕಂಡಳು. ಆದ್ರೆ ತಲೆ ಬಡ್ಕೋತಿದ್ರು ಅಂದಳು, ನಾವೆಲ್ಲ ದುಃಖ ಅಂದ್ಕೊಂಡ್ವಿ. ಅದು ಜಗಳಾನೂ ಅಲ್ಲ, ದುಃಖಾನೂ ಅಲ್ಲ. ಗಾಳಿ ಜೋರಾಗ್ತಿದೆ, ಇಳಿಸಿ ಅಂತ ಕೇಳ್ತಿದ್ರು. ಎದುರಿಗಿದ್ದೋನು ಓಡಿ ಬಂದು ಪಟ ಹಿಡೀಬೇಕಿತ್ತು. ಅವನು ತಾನೂ ತಲೆ ಮೇಲೆ ಕೈ ಇಟ್ಟು ಹೊರಟುಹೋದ. ಈ ಆಟ ಕಲಿತ ಯಾರೂ ಹಾಗೆ ಮಾಡಲ್ಲ. ಆದ್ರೆ ನಾನು ಬಂದರಿನಲ್ಲಿ ಮುಳುಗುಗಾರರ ನಡುವೆನೇ ಕೂದಲು ನರೆಸಿದೋಳು. ನೀರಿನ ಮೇಲೆ ಬಂದ ಮುಳುಗುಗಾರ ತಲೆ ಮೇಲೆ ಕೈ ಇಟ್ರೆ 'ನಾನು ಚೆನ್ನಾಗಿದ್ದೀನಿ' ಅಂತ. ದೋಣಿಯೋನೂ ಹಾಗೇ ಕೈ ಇಟ್ಟು 'ಸರಿ' ಅಂತಾನೆ."

ಎಲ್ಲರ ಕಣ್ಣೂ ಗೋಡೆಯ ಆಚೆ, ಆಫೀಸಿನ ಫೋಟೋ ಇರುವ ಕಡೆಗೆ ಹೋಯಿತು. ಭಾವ ನೆಲ ನೋಡುತ್ತಿದ್ದ.

"ಬೆಳಗ್ಗೆ ನಾನು ಮರಳಲ್ಲಿ ನಿಂತು ತಟ್ಟಿಕೊಂಡಾಗ ಇಬ್ರು ಓಡಿ ಬಂದ್ರು" ಎಂದರು ಅತ್ತೆ ಮೆಲ್ಲಗೆ. "ಒಬ್ರು ಸರಿ ಅಂತ ಉತ್ತರ ಕೊಟ್ಟು ಒಳಗೆ ಹೋದ್ರು."

"ಚೆನ್ನಾಗಿದ್ದಾರೆ ಅಂತಲೇ ಅಂದ್ಕೊಂಡೆ" ಎಂದ ಭಾವ. "ನಗ್ತಾ ಬೇರೆ ಇದ್ರು ಅನ್ನಿಸ್ತು. ಶೆಡ್ಡಿಗೆ ಹೋಗಿ ಮೋಟರು ಹಾಕಿದೆ. ಮೊದಲೇ ಈ ಕಿವಿ. ಏನೂ ಕೇಳ್ಲಿಲ್ಲ. ದಡದಲ್ಲಿ ಯಾರಿದ್ರು ಅಂತ ಪೊಲೀಸ್ರು ಕೇಳಿದಾಗ ಬಾಯಿಂದ ಯಾರೂ ಇಲ್ಲ ಅಂತ ಬಂದುಬಿಡ್ತು. ಅದಕ್ಕೂ ಮೊದ್ಲೇ, ಸಾಮಾನಿನ ತಪ್ಪು ಅಂತ ಆಗ್ಲಿ, ಯಾರ ತಪ್ಪೂ ಅಲ್ಲ ಅಂತ ಆಗ್ಲಿ ಅಂತ ಮರಳು ಮೆತ್ತಿಬಿಟ್ಟಿದ್ದೆ. ಇವನನ್ನ ಕರ್ಕೊಂಡು ಹೋಗ್ತಾರೆ ಅಂತ ಗೊತ್ತಿರ್ಲಿಲ್ಲ."

"ಕರ್ಕೊಂಡು ಹೋದ್ಮೇಲೆ ಗೊತ್ತಿತ್ತಲ್ಲ" ಎಂದಳು ಕೋಚಕ್ಕ. ಅವಳು ದನಿ ಏರಿಸಲಿಲ್ಲ. "ರಾತ್ರಿ ನನ್ನ ಪಕ್ಕದಲ್ಲೇ ಮಲಗಿದ್ರಿ. ಪಾಪ ದರ್ಜಿ ಅಂತ ನಾನು ಅಳ್ತಿದ್ದೆ. ಬೆನ್ನು ಸವರಿದ್ರಿ."

ತಪ್ಪು ಅರ್ಥ ಮಾಡಿಕೊಂಡದ್ದು ಅಪಘಾತ, ಮರಳು ಮೆತ್ತಿದ್ದು ಅಪರಾಧ ಎಂದು ಇನ್ಸ್‌ಪೆಕ್ಟರು ಯಾರಿಗೋ ಹೇಳುವಂತೆ ಹೇಳಿ ಎದ್ದರು. ಭಾವ ತಾನಾಗಿಯೇ ಅವರ ಹಿಂದೆ ನಡೆದ. ಬಾಗಿಲಲ್ಲಿ ದರ್ಜಿ ಅವನಿಗೆ ದಾರಿ ಬಿಟ್ಟ. ಬೈಯುತ್ತಾನೆ ಅಂದುಕೊಂಡೆ. ಅವನು ಕೆನ್ನೆ ಹಿಡಿದುಕೊಂಡೇ, "ಡಾಕ್ಟರು ಎದ್ದು ಕೂರ್ಲಿ ಮೊದ್ಲು. ಇನ್ನೊಂದು ಹಲ್ಲು ಬೇಕಾದ್ರೂ ಕೀಳ್ಲಿ" ಎಂದ.

ಜೀಪು ಹೋಯಿತು. ಅತ್ತೆ ಕನ್ನಡಕ ಒರೆಸುತ್ತ ಕೂತೇ ಇದ್ದರು. ನಾನು ಹೊರಗೆ ಬಂದೆ. ಗಾಳಿ ಪೂರಾ ನಿಂತಿತ್ತು. ದೂರದಲ್ಲಿ, ಡಾಕ್ಟರು ನಿಂತಿದ್ದ ಅದೇ ಜಾಗದ ಹತ್ತಿರ, ಕೋಚಕ್ಕ ಮರಳಿನ ಮೇಲೆ ಒಬ್ಬಳೇ ಕೂತಿದ್ದಳು.

ಅವಳ ಕೈ ತಲೆಯ ಮೇಲಿತ್ತು.

ಅದು ಯಾವ ಅರ್ಥದ್ದು ಎಂದು ನಾನು ಯೋಚಿಸುತ್ತ ನಿಲ್ಲಲಿಲ್ಲ. ಓಡಿದೆ.