ಅಪ್ಪನ ಮಗ್ಗುಲಿನ ಜಾಗ

"ನೂರಾ ಹದಿನಾಲ್ಕು ಯಾರದು? ನೂರಾ ಹದಿನೈದು ಯಾರದು? ಬಾಯಿ ಬಿಡು ಫಿಂಟನ್!"

ಅತ್ತಿಗೆ ಅಟ್ರಾಕ್ಟ ಪಟ್ಟಿಯನ್ನು ಮೇಜಿನ ಮೇಲೆ ಬಡಿದಾಗ ಚಹಾದ ಬಟ್ಟಲುಗಳು ನಡುಗಿದವು. ಬೆಳಗಿನಿಂದ ಫಿಂಟನ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೂರು ಸಲ ಹಟ್ಟಿಗೆ ಹೋಗಿ ಬಂದಿದ್ದ. ಉರಿಯುತ್ತಿದ್ದ ಒಲೆಗೇ ಮತ್ತೆ ಮತ್ತೆ ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್ ಹೆಂಟೆ ಒಡ್ಡಿದ್ದ. ನಾಳೆ ಟಾರ್ಪಿ ಮನೆತನದ ಸಮಾವೇಶ. ಆ ಹೆಸರಿನ ಮೂಲ ಹುಡುಕಲೆಂದು ಕ್ಲೇರ್ ಜಿಲ್ಲೆಯಿಂದ ಕಡಲಾಚೆಯ ಬಾಸ್ಟನ್‌ವರೆಗಿನ ಟಾರ್ಪಿ ಗಂಡಸರಿಂದ ಕೆನ್ನೆಯೊಳಗೆ ಒರೆಸಿದ ಹತ್ತಿಕಡ್ಡಿಗಳನ್ನು ತರಿಸಿ ಡಿಎನ್‌ಎ ಪರೀಕ್ಷೆಗೆ ಕಳಿಸಿದವನು ಅವನೇ. ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವ ಗುರುತು ಅದು. ಬಂದ ಫಲಿತಾಂಶದ ಪಟ್ಟಿಯಲ್ಲಿ ಹೆಸರಿರಲಿಲ್ಲ, ಊರು ಮತ್ತು ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದೆಂದು ಗೊತ್ತಿದ್ದದ್ದು ಅವನೊಬ್ಬನಿಗೆ. ಈ ಊರಿನ ಹೆಸರಿನೆದುರು ಎರಡೇ ಸಂಖ್ಯೆಗಳು, ಅಣ್ಣನದು ಮತ್ತು ಅವನದು... ಒಂದು ಎಲ್ಲ ಟಾರ್ಪಿಗಳೊಡನೆ ಹೊಂದಿತ್ತು. ಇನ್ನೊಂದು ಯಾರೊಡನೆಯೂ ಇಲ್ಲ!

"ಕಡ್ಡಿ ಅದಲುಬದಲಾಗಿರಬೇಕು ಕಣೋ," ಎಂದ ಅಣ್ಣ ಮಲಕಿ, ಕಿಟಕಿಯ ಬಳಿ ಟೋಪಿಯನ್ನು ಹಿಂಡುತ್ತ. ಸಮಾವೇಶದ ಅಧ್ಯಕ್ಷ ಅವನು. ನಾಳೆ ಟಾರ್ಪಿಗಳ ಹೆಸರಿನ ಕಲ್ಲನ್ನು ಅನಾವರಣ ಮಾಡಬೇಕಿದ್ದವನು. ಭಾಷಣ ಅಂಗಿಯ ಜೇಬಿನಲ್ಲಿತ್ತು. ದನಿ ಮಾತ್ರ ಭಿಕ್ಷೆ ಬೇಡುವಂತಿತ್ತು.

"ಅದಲುಬದಲಂತೆ! ಅತ್ತೆ, ನೀವೇ ಹೇಳಿಬಿಡಿ. ಇವರಿಬ್ಬರಲ್ಲಿ ಟಾರ್ಪಿ ಅಲ್ಲದೋನು ಯಾರು?"

ಮೂಲೆಯಲ್ಲಿ ಕೂತಿದ್ದ ತಾಯಿ ನೋನಿಯ ಬೆರಳುಗಳು ಜಪಮಾಲೆಯ ಮೇಲೆ ನಿಂತುಹೋದವು. ಎಂಬತ್ತಾರರ ಆ ಮುದುಕಿ ಕಣ್ಣೆತ್ತಿ ನೋಡಿದಳು... ಫಿಂಟನ್‌ನನ್ನಲ್ಲ, ಮಲಕಿಯನ್ನು. ಆ ನೋಟ ಫಿಂಟನ್‌ಗೆ ಮಾತ್ರ ಕಂಡಿತು.

"ಹೊಂದದೇ ಇರೋದು ನಂದು," ಎಂದ ಅವನು. "ನೂರಾ ಹದಿನೈದು ನಾನು."

ಅಟ್ರಾಕ್ಟ ನಕ್ಕುಬಿಟ್ಟಳು. "ಮದುವೆಯಾಗಿ ಬಂದ ದಿನವೇ ಅಂದ್ಕೊಂಡಿದ್ದೆ, ಈ ಮೂಗು ಈ ಮನೇದಲ್ಲ ಅಂತ! ಹಾಗಾದ್ರೆ ಸ್ಮಶಾನದಲ್ಲಿ ಮಾವನ ಮಗ್ಗುಲಲ್ಲಿ ಉಳಿದಿರೋ ಎರಡು ಜಾಗದಲ್ಲಿ ಒಂದು ಅತ್ತೆಗೆ, ಇನ್ನೊಂದು ಮಲಕಿಗೆ. ನಿನಗಲ್ಲ ಕಣಪ್ಪ!"

ಫಿಂಟನ್ ಅಪ್ಪನ ಖಾಲಿ ಕುರ್ಚಿಯತ್ತ ನೋಡಿದ. ಹಾಸಿಗೆ ಹಿಡಿದ ಅಪ್ಪನನ್ನು ಒಂಬತ್ತು ವರ್ಷ ಎತ್ತಿ ಇಳಿಸಿದವನು, ಮದುವೆಯನ್ನೂ ಬಿಟ್ಟವನು ಅವನು. 'ನನ್ನ ಪಕ್ಕ ನೀನೇ ಮಲಗಬೇಕು ಮಗಾ' ಎಂದು ಅಪ್ಪ ಕೊಟ್ಟುಹೋದದ್ದು ಅದೊಂದೇ.

"ಆಗಲಿ ಅತ್ತಿಗೆ."

"ಸಾಕು ಮಾಡೇ ಮಾರಾಯ್ತಿ!" ಎಂದು ಮಲಕಿ ಹೆಂಡತಿಯನ್ನು ಗದರಿ, ತಮ್ಮನನ್ನು ಅಪ್ಪಿಕೊಂಡು ಬಿಕ್ಕಿದ. "ಯಾರ ಮಗನಾದ್ರೂ ನೀನು ನನ್ನ ತಮ್ಮಾನೇ ಕಣೋ!"

ಫಿಂಟನ್ ಆ ಬೆನ್ನನ್ನು ಮೆಲ್ಲನೆ ತಟ್ಟಿದ.

ಗಂಡ ಹೆಂಡತಿ ಇಬ್ಬರೂ ಹೂಮಾಲೆ ತರಲು ಹೋದ ಮೇಲೆ ನೋನಿ ಫಿಂಟನ್‌ನನ್ನು ಹತ್ತಿರ ಕರೆದಳು. "ಯಾಕೋ ಸುಳ್ಳು ಹೇಳಿದೆ?"

"ನಾಳೆ ಆ ಕಲ್ಲಿನ ಮುಂದೆ ಅಣ್ಣ ನಿಲ್ಲಬೇಕಲ್ಲಮ್ಮಾ."

"ನಿಮ್ಮಪ್ಪನಿಗೆ ಗೊತ್ತಿತ್ತು. ಮಲಕಿ ಹೊಟ್ಟೆಯಲ್ಲಿದ್ದಾನೆ ಅಂತ ಗೊತ್ತಿದ್ದೇ ನನ್ನ ಕೈ ಹಿಡಿದರು. ಒಂದು ದಿನವೂ ಅದನ್ನ ಎತ್ತಿ ಆಡಲಿಲ್ಲ..." ಅವಳು ಬರಿಗೈಗಳಿಂದಲೇ ಕಣ್ಣೊರೆಸಿಕೊಂಡಳು. "ನನ್ನ ಜಾಗ ನೀನು ತಗೋ. ನನ್ನನ್ನ ತವರಿನವರ ಜೊತೆ ಮಣ್ಣು ಮಾಡು."

"ಬೇಡಮ್ಮಾ. ಅಪ್ಪ ಕಾಯ್ತಿರೋದು ನಿನ್ನನ್ನ."

ಅವನು ಕತ್ತರಿ ತಂದ. ನೂರಾ ಹದಿನೈದರ ಸಾಲನ್ನು ಪಟ್ಟಿಯಿಂದ ಕತ್ತರಿಸಿ ಒಲೆಗೆ ಹಾಕಿದ. ಎಲ್ಲರೊಡನೆ ಹೊಂದಿದ್ದ ನೂರಾ ಹದಿನಾಲ್ಕರ ಮುಂದೆ, ಅಂದರೆ ತನ್ನದೇ ಸಂಖ್ಯೆಯ ಮುಂದೆ, ದುಂಡಗಿನ ಅಕ್ಷರದಲ್ಲಿ ಬರೆದ: ಮಲಕಿ ಟಾರ್ಪಿ.

ಆಮೇಲೆ ಅಪ್ಪನ ಕುರ್ಚಿಯನ್ನು ಒಲೆಯ ಹತ್ತಿರ ಎಳೆದುಕೊಂಡು, ಬೆಳಗಿನಿಂದ ಮೊದಲ ಬಾರಿಗೆ ಕೂತ.