ಮಾರ್ಚ್ ತಿಂಗಳ ಹೊಗೆ

ಬಾಗಿಲು ಹೊರಗಿನಿಂದ ಬಿತ್ತು. ಚಿಲಕ ಹಾಕಿದ ಸದ್ದು ಕೇಳಿಸಿತು.

ನಾನು ತಂಬಾಕು ಬೇಯಿಸುವ ಬ್ಯಾರನ್ ಒಳಗಿದ್ದೆ. ಕೈಯಲ್ಲಿ ಹಸಿರು ಫೈಲು. ಸೊಂಟದಲ್ಲಿ ಸಿಕ್ಕಿಸಿಕೊಂಡ ರೇಷನ್ ಕಾರ್ಡು. ಬೆಳಿಗ್ಗೆ ಹತ್ತೂವರೆ.

“ಆಪಾ, ಫೈಲು ಬಾಗ್ಲ ಸಂದೀಲಿ ತಳ್ಳಿಬಿಡಿ.”

ಕನಕರಾಜು. ನೆರಳುಕೈ ಫೌಂಡೇಶನ್ನಿನ ಡ್ರೈವರ್. ಮೈಸೂರು ಸಿಟಿಯವನು.

“ತಳ್ಳದಿದ್ರೆ?”

“ಒಲೆ ಹಚ್ತೀನಿ.”

ನಾನು ನಕ್ಕೆ. ಹೊರಗೆ ಬೆಂಕಿಕಡ್ಡಿ ಗೀರಿದ ಸದ್ದಾಯಿತು. ನಗು ನಿಂತಿತು.

ಇರಿ... ನೀವು ಬೆಂಗಳೂರಿನಿಂದ ಬಂದವರು, ಹಿಂದಿನದನ್ನು ಹೇಳಿಬಿಡುತ್ತೇನೆ. ನಾನು ಜೀನತುನ್ನೀಸಾ. ಹುಣಸೂರು ತಾಲ್ಲೂಕು ಆಫೀಸಿನ ಎದುರು ಈ ಜೆರಾಕ್ಸ್ ಅಂಗಡಿ ಇಟ್ಟು ಹನ್ನೊಂದು ವರ್ಷ. ಜೆರಾಕ್ಸ್ ನೆಪಕ್ಕೆ. ಎಲ್ಲೋ ಸಿಕ್ಕಿಕೊಂಡ ಕಾಗದ ಬಿಡಿಸಿ ತರುವುದು ನನ್ನ ಕೆಲಸ. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಕಟ್ಟಿದ್ದೇನೆ.

ನಿಮ್ಮ ಫೋನಿನಲ್ಲಿ ಬಂತಲ್ಲ ನೆರಳುಕೈಯವರ ವಿಡಿಯೋ, ಅದರಲ್ಲಿರುವ ಹುಡುಗಿ ಪವಿತ್ರ. ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಬ್ಯಾರನ್ ಒಲೆಯ ಪಕ್ಕ ಅವಳ ಬಟ್ಟೆಗೆ ಬೆಂಕಿ ತಗುಲಿತು. ಗಾಯ ಮಾಯಿತು. ಮಾಯುವಾಗ ಬಲತೋಳು ಪಕ್ಕೆಗೆ ಅಂಟಿಕೊಂಡಿತು. ಕೈ ಮೇಲೆ ಏಳುತ್ತಿರಲಿಲ್ಲ. ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ, ನಲ್ಲಿ ತಿರುಗಿಸಲು ಆಗುತ್ತಿರಲಿಲ್ಲ.

‘ಪವಿತ್ರಳ ಆಪರೇಷನ್‌ಗೆ ಇನ್ನು ನಾಲ್ಕೇ ದಿನ.’ ನೀವು ನೋಡಿದ್ದು ಅದೇ ಅಲ್ಲವೇ? ತಿಂಗಳಿಗೆ ಎಂಟುನೂರು ಕಳಿಸಿದ್ದೂ ಅದಕ್ಕೇ.

ಅವಳ ತಾಯಿ ಸುನಂದಮ್ಮ ನನ್ನ ಅಂಗಡಿಗೆ ಬಂದದ್ದು ಮಾರ್ಚ್‌ನಲ್ಲಿ.

“ಕಾರ್ಡು, ಆಸ್ಪತ್ರೆ ಫೈಲು ಎಲ್ಲಾ ಆ ಫೌಂಡೇಶನ್ನೋರು ಇಸ್ಕಂಡೋದ್ರು ಕಣಕ್ಕಾ. ಕೇಳುದ್ರೆ ಮುಂದಿನ್ ವಾರ ಅಂತಾರೆ. ಎಷ್ಟ್ ಮುಂದಿನ್ ವಾರ ಆಯ್ತೋ.”

ಮೈಸೂರಿನ ಆಸ್ಪತ್ರೆಗೆ ಹೊರಗಿನಿಂದ ಒಬ್ಬ ಡಾಕ್ಟರು ಬಂದಿದ್ದರು. ಇಂಥ ತೋಳು ಬಿಡಿಸುವುದರಲ್ಲಿ ಪಳಗಿದವರು. ನಾನು ಫೋನ್ ಮಾಡಿ ಕೇಳಿದೆ, ದುಡ್ಡು ಬೇಡ ಅಂದರು. ಗುರುವಾರ ಮಧ್ಯಾಹ್ನ ಎರಡರೊಳಗೆ ಹಳೇ ಫೈಲು, ಕಾರ್ಡು ಸಮೇತ ಮಗುವನ್ನು ತನ್ನಿ ಅಂದರು. ತಪ್ಪಿದರೆ ಅವರು ಮತ್ತೆ ಬರುವುದು ಮುಂದಿನ ವರ್ಷ. ಅಷ್ಟರಲ್ಲಿ ಮೂಳೆ ಸೊಟ್ಟ ಬೆಳೆಯುತ್ತದೆ.

ಫೌಂಡೇಶನ್ ಆಫೀಸಿನಲ್ಲಿ ಕೇಳಿದರೆ ಫೈಲು ಪ್ರೋಸೆಸ್‌ನಲ್ಲಿದೆ ಅಂದರು. ಹಾಳಾಗಿ ಹೋಗಲಿ ಅಂತ ವಿಡಿಯೋ ಮತ್ತೆ ನೋಡಿದೆ. ‘ಈ ವಾರ ಚಿತ್ರೀಕರಿಸಿದ್ದು’ ಅಂತ ಕೆಳಗೆ ಬರೆದಿದ್ದರು. ಹುಡುಗಿಯ ಹಿಂದೆ ಬ್ಯಾರನ್. ಅದರ ಚಿಮಣಿಯಿಂದ ಹೊಗೆ.

ಮಾರ್ಚ್‌ನಲ್ಲಿ ಹೊಗೆ!

ನಮ್ಮ ಕಡೆ ಸೊಪ್ಪು ಬೇಯಿಸುವುದು ಮಳೆಗಾಲದಲ್ಲಿ. ನವೆಂಬರ್ ದಾಟಿದರೆ ಯಾವ ಒಲೆಯೂ ಉರಿಯುವುದಿಲ್ಲ. ಅಂದರೆ ಹೋದ ಸೀಸನ್ನಿನಿಂದ ಆ ಮಗುವಿನ ಆಪರೇಷನ್‌ಗೆ ನಾಲ್ಕೇ ದಿನ ಉಳಿದಿತ್ತು. ನನ್ನ ಮೈ ಉರಿದುಹೋಯಿತು.

ಚಿತ್ರ ದೊಡ್ಡದು ಮಾಡಿದೆ. ಗೋಡೆಯ ಮೇಲೆ ಬ್ಯಾರನ್ ನಂಬರ್ ಬರೆದಿತ್ತು. ಆ ನಂಬರ್ ಯಾರದು ಅಂತ ವಿಚಾರಿಸಿಕೊಂಡು ಹ್ಯಾಂಡ್‌ಪೋಸ್ಟ್ ಅನ್ನುವ ಕೂಡುರಸ್ತೆಯ ಪಕ್ಕದ ಹಳ್ಳಿಗೆ ಹೋದೆ. ಬ್ಯಾರನ್ ಯಜಮಾನ ನಂಜುಂಡಸ್ವಾಮಿ.

“ಬಾಡ್ಗೆಗೆ ಕೊಟ್ಟಿವ್ನಿ ಕಣವ್ವಾ. ಸಿನಿಮಾ ತೆಗ್ಯೋರು ಅಂದ್ರು. ಸಾಮಾನು ಒಳಗೇ ಮಡಗವ್ರೆ.”

ಮಗುವಿನ ಕತೆ ಹೇಳಿದೆ. ಅವರು ಒಳಗೆ ಹೋಗಿ ಇನ್ನೊಂದು ಬೀಗದಕೈ ತಂದುಕೊಟ್ಟರು. ಅದು ಗುರುವಾರ ಬೆಳಿಗ್ಗೆ.

ಒಳಗೆ ಒಂದು ಟ್ರಂಕು. ಅದರಲ್ಲಿ ಏನಿತ್ತು ಗೊತ್ತೇ? ಹರಿದ ಫ್ರಾಕುಗಳು. ಒಗೆದು, ಇಸ್ತ್ರಿ ಮಾಡಿ, ಸೈಜಿನ ಪ್ರಕಾರ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದರು. ಪಕ್ಕದಲ್ಲಿ ಒಂದೇ ಒಂದು ಹೊಸ ಸ್ಕೂಲ್ ಬ್ಯಾಗು. ಕ್ಯಾಮೆರಾ ಮುಂದೆ ಪವಿತ್ರಳ ಹೆಗಲಿಗೆ ಹಾಕಿದ್ದ ಬ್ಯಾಗು ಅದೇ. ಕ್ಯಾಮೆರಾ ನಿಂತ ಮೇಲೆ ಕಿತ್ತುಕೊಂಡಿದ್ದಾರೆ. ಎಷ್ಟು ಮಕ್ಕಳ ಹೆಗಲು ಹತ್ತಿ ಇಳಿದಿದೆಯೋ ಆ ದೇವರಿಗೇ ಗೊತ್ತು. ತಳದಲ್ಲಿ ಆಸ್ಪತ್ರೆ ಫೈಲು, ಅದರೊಳಗೆ ಕಾರ್ಡು. ಅವೂ ವಿಡಿಯೋದಲ್ಲಿ ತೋರಿಸುವ ಸಾಮಾನು ಅವರಿಗೆ.

ಸಾಮಾನು ಒಯ್ಯಲು ಬಂದ ಕನಕರಾಜು ನನ್ನನ್ನು ನೋಡಿಬಿಟ್ಟಿದ್ದ. ಆಗಲೇ ಬಾಗಿಲು ಬಿದ್ದದ್ದು.

ಒಲೆ ಹೊರಗಿರುತ್ತದೆ. ಅದರ ಬಿಸಿಯು ತಗಡಿನ ಪೈಪಿನಲ್ಲಿ ಒಳಗೆ ಹರಿದು, ಹೊಗೆ ಚಿಮಣಿಯಿಂದ ಹೊರಗೆ ಹೋಗಬೇಕು. ಪೈಪು ತುಕ್ಕು ಹಿಡಿದಿದ್ದರೆ? ಎಲ್ಲ ಸಂದುಗಳಿಂದಲೂ ಹೊಗೆ ಒಳಗೇ ಬಂತು. ಕಣ್ಣು ಉರಿಯತೊಡಗಿತು.

“ಹೆದರ್ಸೋಕೆ ಅಷ್ಟೇ ಆಪಾ. ತಳ್ಳಿಬಿಡಿ.”

“ನಿಮ್ಮ ಸಾಹೇಬ್ರು ಹೇಳಿದ್ರಾ?”

“ಸಾರ್ ಬರ್ತಾ ಇದ್ದಾರೆ.”

ಫೈಲನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಏರಿಸಲು ಗೋಡೆಯಿಂದ ಗೋಡೆಗೆ ಅಡ್ಡಕ್ಕೆ ಮರ ಹಾಕಿರುತ್ತಾರೆ, ನೆಲದಿಂದ ಸೂರಿನವರೆಗೆ. ಹದಿನಾಲ್ಕು ವರ್ಷ ಹತ್ತಿ ಇಳಿದ ಕಾಲು ಇವು. ಈಗ ನಲವತ್ತೇಳು ವಯಸ್ಸು, ಮಂಡಿನೋವು ಬೇರೆ. ಹತ್ತಿದೆ. ಮೇಲೆ ಹೋದಷ್ಟೂ ಬಿಸಿ. ಉಸಿರು ಕಟ್ಟಿತು. ಸೂರಿನ ಕೆಳಗಿನ ಕಿಂಡಿಯ ತಗಡನ್ನು ಮೊಣಕೈಯಲ್ಲಿ ಗುದ್ದಿದೆ. ಎರಡು ಸಲ... ಮೂರು ಸಲ. ತಗಡು ಕಳಚಿತು. ತಲೆ ಹೊರಗೆ ಹಾಕಿ ಉಸಿರೆಳೆದುಕೊಂಡೆ.

ಪಕ್ಕದ ಚಿಮಣಿಯಿಂದ ಹೊಗೆ ನೆಟ್ಟಗೆ ಆಕಾಶಕ್ಕೆ ಹೋಗುತ್ತಿತ್ತು.

ಕನಕರಾಜುಗೆ ಇದು ಗೊತ್ತಿಲ್ಲ ಪಾಪ. ಸೀಸನ್ನಿನಲ್ಲಿ ಹಚ್ಚಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬೇಸಿಗೆಯಲ್ಲಿ ಬ್ಯಾರನ್ ಹೊಗೆಯಾಡಿದರೆ ಬೆಂಕಿ ಬಿತ್ತು ಅಂತಲೇ ಲೆಕ್ಕ. ಪಕ್ಕದಲ್ಲಿ ಹುಲ್ಲಿನ ಮೆದೆಗಳಿರುತ್ತವೆ. ಇಡೀ ಊರು ಬಿಂದಿಗೆ, ಬಕೆಟ್ಟು ಹಿಡಿದು ಓಡಿ ಬರುತ್ತಿತ್ತು. ಮುಂದೆ ನಂಜುಂಡಸ್ವಾಮಿ, ಪಂಚೆ ಮೇಲೆ ಕಟ್ಟಿಕೊಂಡು.

“ಯಾವನ್ಲಾ ಅವ್ನು ಈಗ ಬ್ಯಾರನ್ ಉರ್ಸೋನು?”

“ಸುಮ್ನೆ... ಟೀ ಕಾಯ್ಸೋಕೆ,” ಅಂದ ಕನಕರಾಜು.

“ಟೀ ಆಮ್ಯಾಕ್ ಕುಡೀವಂತೆ. ಚಿಲ್ಕ ತಗಿ ಮೊದ್ಲು.”

ಹೊರಗೆ ಬಂದೆ. ಕನಕರಾಜುವಿನ ಮುಖ ನೋಡಿ ಕಪಾಳಕ್ಕೆ ಒಂದು ಬಿಟ್ಟೆ. ಉಳಿದದ್ದನ್ನು ಊರಿಗೆ ಬಿಟ್ಟು ಸ್ಕೂಟಿ ಹತ್ತಿದೆ. ಹನ್ನೊಂದೂ ಕಾಲು.

ತಾಯಿ, ಮಗಳು ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಅರ್ಧ ದಾರಿಯಲ್ಲಿ ಕನ್ನಡಿಯೊಳಗೆ ಬಿಳಿ ಕಾರು ಕಂಡಿತು. ಕನಕರಾಜು ಹೇಳಿದ ಸಾರ್, ಫೌಂಡೇಶನ್ ನಡೆಸುವ ಶಶಿಕುಮಾರ್. ಹಾರನ್ ಹೊಡೆದ. ಬಲಕ್ಕೆ ಬಂದು ನನ್ನನ್ನು ಚರಂಡಿ ಕಡೆಗೆ ಒತ್ತಿದ. ಸ್ಕೂಟಿಯನ್ನು ರಾಗಿ ಹೊಲದ ಬದುವಿಗೆ ಇಳಿಸಿದೆ. ಕಾರು ಬದುವಿನ ಮೇಲೆ ಬರುವುದಿಲ್ಲ.

ಮೈಸೂರು ಬಸ್ಸು ಹೊರಡುವುದರಲ್ಲಿತ್ತು. ಮೂವರೂ ಹತ್ತಿ ಕುಳಿತೆವು. ಹಿಂದೆಯೇ ಶಶಿಕುಮಾರ್ ಹತ್ತಿದ. ಖಾದಿ ಜುಬ್ಬ, ಮೆತ್ತಗಿನ ಮಾತು.

“ಜೀನತ್ ಅವರೇ, ನಾವು ಕಳ್ಳರಲ್ಲ. ಇನ್ನು ಆರೇ ತಿಂಗಳು. ಆಮೇಲೆ ನಾವೇ ಆಪರೇಷನ್ ಮಾಡಿಸ್ತೀವಿ.”

“ಈಗ ಯಾಕೆ ಬೇಡ?”

“ವಾಸಿಯಾದ ಮಗುವಿನ ಫೋಟೋ ನೋಡಿ ಯಾರೂ ದುಡ್ಡು ಕೊಡಲ್ಲ. ಅದು ಜನರ ಮನಸ್ಸು, ನನ್ನ ತಪ್ಪಲ್ಲ.”

“ಇಲ್ಲಿವರೆಗೂ ಬಂದ ದುಡ್ಡು?”

“ವಿಡಿಯೋ ಇನ್ನಷ್ಟು ಜನರಿಗೆ ತಲುಪಬೇಕಲ್ಲ. ಜಾಹೀರಾತಿಗೆ ಖರ್ಚಾಗುತ್ತೆ.”

“ವಿಡಿಯೋ ದುಡ್ಡು ತರ್ತದೆ. ಆ ದುಡ್ಡಲ್ಲಿ ಮತ್ತೆ ವಿಡಿಯೋ ತೋರ್ಸ್ತೀರಿ. ಮಗು ಸರದಿ ಯಾವಾಗ?”

“ಅದು... ಮುಂದಿನ ಹಂತ.”

ಅವನ ಜುಬ್ಬ ಹಿಡಿಯಲು ಕೈ ತುರಿಸಿತು. ಅವನು ಸುನಂದಮ್ಮನ ಕಡೆ ತಿರುಗಿದ.

“ನೀವು ಸಹಿ ಹಾಕಿದ್ದೀರಮ್ಮ. ಈಗ ಹೋದರೆ ರೇಷನ್ ಕಿಟ್ ನಿಂತುಹೋಗುತ್ತೆ. ಇಳೀರಿ.”

ಸುನಂದಮ್ಮ ಎದ್ದು ನಿಂತಳು. ಇಳಿದೇ ಬಿಡುತ್ತಾಳೆ ಅಂದುಕೊಂಡೆ.

“ನಿಮ್ ಅಕ್ಕಿ ಎರಡೇ ಸಲ ಬಂದಿದ್ದು ಸ್ವಾಮಿ,” ಅಂದಳು. “ಅವತ್ತು ನನ್ ಮಗೀಗೆ ಇದ್ದುದ್ರಲ್ಲಿ ಒಳ್ಳೇ ಫ್ರಾಕು ಇಕ್ಕಿ ಕರ್ಕಬಂದಿದ್ದೆ. ಅದುನ್ನ ಬಿಚ್ಚುಸ್ಬುಟ್ಟು ಹರ್ಕಲು ಇಕ್ಕುಸುದ್ರಿ. ಮನೇಗ್ ಬಂದು ಕೇಳ್ತು, ಅವ್ವಾ, ನನ್ ಫ್ರಾಕು ಚೆನ್ನಾಗಿಲ್ವಾ ಅಂತ. ನಾನು ಉತ್ರ ಕೊಡ್ನಿಲ್ಲ. ಅಕ್ಕಿ ಆಸೆಗೆ ಸುಮ್ಕಿದ್ದೆ. ಇವತ್ತು ಸುಮ್ಕಿರಾಕಿಲ್ಲ. ನೀವ್ ಇಳೀರಿ.”

ಕಂಡಕ್ಟರ್ ಬಂದು ಅವನ ಮುಂದೆ ನಿಂತ.

“ಮೈಸೂರಿಗಾ ಸಾರ್? ಗಂಡಸ್ರಿಗೆ ಟಿಕೆಟ್ ಐತೆ.”

ಶಶಿಕುಮಾರ್ ಇಳಿದ. ಕಂಡಕ್ಟರ್ ಸೀಟಿ ಊದಿದ.

ಒಂದು ಗಂಟೆ ನಲವತ್ತಕ್ಕೆ ಆಸ್ಪತ್ರೆ ಕೌಂಟರಿನಲ್ಲಿ ಫೈಲು ಇಟ್ಟೆ. ಮಾರನೆಯ ದಿನ ಆಪರೇಷನ್ ಆಯಿತು. ಐದು ವಾರವಾಗಿದೆ. ಮೊನ್ನೆ ಕೈ ಕಿವಿಯವರೆಗೆ ಬಂತು. ದಿನಾ ಅಭ್ಯಾಸ ಮಾಡಿದರೆ ಪೂರ್ತಿ ಏಳುತ್ತದಂತೆ.

ದೂರು ಕೊಟ್ಟಿದ್ದೇನೆ. ವಿಚಾರಣೆ ನಡೆಯುತ್ತಿದೆಯಂತೆ. ವಿಡಿಯೋ ಮಾತ್ರ ಇವತ್ತಿಗೂ ಓಡುತ್ತಿದೆ, ನಾಲ್ಕೇ ದಿನ ಅಂತ.

ನೀವು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಕಣ್ಣಲ್ಲಿ ನೀರು ಬಂತು, ಬಟನ್ ಒತ್ತಿದಿರಿ, ಮನಸ್ಸು ಹಗುರವಾಯಿತು. ಮಗುವಿಗೆ ಏನಾಯಿತು ಅಂತ ಕೇಳಲು ಏಳು ತಿಂಗಳು ಬೇಕಾಯಿತಲ್ಲ, ಅದಕ್ಕೆ ನನಗೆ ಸಿಟ್ಟು. ನಿಮ್ಮ ರಸೀದಿಗಳನ್ನು ಕೊಡಿ, ದೂರಿಗೆ ಸೇರಿಸುತ್ತೇನೆ. ಜೆರಾಕ್ಸ್ ಪುಟಕ್ಕೆ ಎರಡು ರೂಪಾಯಿ.

ಏನಂದಿರಿ? ಪವಿತ್ರಳ ಈಗಿನ ಒಂದು ಫೋಟೋ ಬೇಕಾ?

ಜೂನ್‌ನಲ್ಲಿ ಅವಳ ಸ್ಕೂಲಿಗೇ ಬನ್ನಿ. ಮೇಷ್ಟ್ರು ಪ್ರಶ್ನೆ ಕೇಳಿದಾಗ ಬಲಗೈ ಎತ್ತುತ್ತಾಳೆ, ಕಣ್ಣಾರೆ ನೋಡಿ.

ಫೋನು ಮಾತ್ರ ಇಲ್ಲಿ, ನನ್ನ ಅಂಗಡಿಯಲ್ಲಿ ಇಟ್ಟು ಹೋಗಿ.