ಎಕ್ಸಿಲರೇಟರ್ ಒತ್ತಿದ ಮೇಲಿನ ಒಂದು ಕ್ಷಣ

"ಇದು ಸ್ಪೋರ್ಟ್ಸ್ ಕಾರೋ, ನಮ್ಮ ಅಜ್ಜಿ ನಡಿಗಿಯೋ, ನೀವ ಹೇಳ್ರಿ," ಎಂದು ರಜನಿ ಗಾಡಿಯ ಕೀಲಿಯನ್ನು ನನ್ನ ಟೇಬಲ್ ಮೇಲೆ ಇಟ್ಟಳು. ಇಟ್ಟಳು ಅನ್ನುವುದಕ್ಕಿಂತ ಎಸೆದಳು ಅನ್ನಬೇಕು.

ಎರಡು ತಿಂಗಳಲ್ಲಿ ಅದು ನಾಲ್ಕನೇ ಸಲ. ಆ ಕೆಂಪು ಎರಡು ಸೀಟಿನ ಗಾಡಿ ಅದೇ ದೂರು ಹೊತ್ತುಕೊಂಡು ಗೋಕುಲ ರೋಡಿನ ನಮ್ಮ ಗ್ಯಾರೇಜಿನ ಮುಂದೆ ನಿಂತಿತ್ತು.

"ಮತ್ತ ಅದ ಏನ್ರಿ ಮೇಡಂ?"

"ಮತ್ತ ಅದ. ನಾ ಒತ್ತತೇನಿ, ಅದು ವಿಚಾರ ಮಾಡಕೋತ ಕೂಡ್ರತೈತಿ. ನಿನ್ನೆ ಉಣಕಲ್ಲ ಹತ್ರ ಒಂದು ಲಾರಿ ಹಿಂದ ಹಾಕಾಕ ಹೋದ್ನಿ. ಲಾರಿ ಡ್ರೈವರ್ ನನ್ನ ಮಾರಿ ನೋಡಿ ನಕ್ಕ. ಅವ ನಕ್ಕು ಮುಗಿಸಿದ ಮ್ಯಾಲ ಇದಕ್ಕ ಎಚ್ಚರ ಆತು. ಎರಡು ಗೇರ್ ಒಮ್ಮೆಲೆ ಇಳದು ಒಂದು ಝಟಕಾ ಹೊಡೀತು ನೋಡ್ರಿ, ಬಾಟ್ಲಿ ನೀರೆಲ್ಲಾ ಮೈಮ್ಯಾಲ."

"ಸ್ಪೋರ್ಟ್ ಮೋಡ್‌ನ್ಯಾಗ ಇಟ್ಟು ನೋಡಿದ್ರೇನ್ರಿ?"

"ಇಟ್ಟಿದ್ನಿ. ಸಿಗ್ನಲ್ಲಿಗೊಮ್ಮೆ ಹಾರಿ ಬೀಳತೈತಿ. ಒಂದೋ ನಿದ್ದಿ, ಇಲ್ಲಾ ಹುಚ್ಚು. ನಡುವ ಏನೂ ಇಲ್ಲೇನ್ರಿ ಇದಕ್ಕ?"

ಸಿಟ್ಟು ಬಂದಾಗ ಆಕೆಯ ಎಡಹುಬ್ಬು ಮೊದಲು ಏರುತ್ತದೆ. ಬಲಹುಬ್ಬು ಸ್ವಲ್ಪ ತಡೆದು, ಹೋಗಲೋ ಬೇಡವೋ ಎಂದು ಯೋಚಿಸಿ, ಆಮೇಲೆ ಏರುತ್ತದೆ. ಗಿರಾಕಿಯ ದೂರು ಬರೆದುಕೊಳ್ಳಬೇಕಾದವನು ಹುಬ್ಬು ನೋಡುತ್ತಾ ನಿಲ್ಲುವುದು ಸರಿಯಲ್ಲ ಎಂದು ನನಗೆ ಗೊತ್ತಿತ್ತು. ತಲೆ ತಗ್ಗಿಸಿ ಬರೆದೆ: 'ಒತ್ತಿದ ಮೇಲೆ ತಡ. ಆಮೇಲೆ ಝಟಕಾ.' ಹಿಂದಿನ ಮೂರು ಹಾಳೆಗಳ ಮೇಲೂ ಅದೇ ಸಾಲು ನನ್ನದೇ ಅಕ್ಷರದಲ್ಲಿತ್ತು.

ನಾನು ಸಿದ್ಧಾರೂಢ. ಹಗಲು ಇದೇ ಗ್ಯಾರೇಜಿನಲ್ಲಿ ದುಡಿದು, ಸಂಜೆ ಪಾಲಿಟೆಕ್ನಿಕ್‌ನಲ್ಲಿ ನಾಲ್ಕು ವರ್ಷ ಡಿಪ್ಲೊಮಾ ಓದಿದವನು. ಹಗಲು ಕಾಲೇಜಿಗೆ ಹೋದವರಿಗೆ ಗೊತ್ತಿರುವ ಯಾವುದೋ ಒಂದು ಪಾಠ ನನಗೆ ತಪ್ಪಿಹೋಗಿದೆ ಎನ್ನುವ ಅಳುಕು ಇನ್ನೂ ಹೋಗಿಲ್ಲ. ಈ ಗಾಡಿ ಬಂದ ಮೇಲಂತೂ ಅದು ದಿನಾ ಎದೆಯ ಮೇಲೆ ಕೂತಿತ್ತು. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಿಚ್ಚಿ ತೊಳೆದಿದ್ದೆ. ಪೆಡಲಿನ ಸೆನ್ಸರ್ ಬದಲಿಸಿದ್ದೆ. ಗೇರ್‌ಬಾಕ್ಸಿಗೆ ಹೊಸ ಆಯಿಲ್ ಹಾಕಿದ್ದೆ. ಗಾಡಿಯ ದೋಷ ಓದುವ ಸ್ಕ್ಯಾನರ್ ಹಚ್ಚಿದಾಗಲೆಲ್ಲ ಬರುವುದು ಒಂದೇ ಉತ್ತರ, ದೋಷವಿಲ್ಲ. ದೋಷವಿಲ್ಲದಿದ್ದರೆ ಆಕೆ ಯಾಕೆ ಬರುತ್ತಾಳೆ?

ಹಾಗೆ ಬರುವುದು ನನಗೆ ಬೇಕಾಗಿತ್ತು ಎನ್ನುವುದೇ ದೊಡ್ಡ ಸಂಕಟ.

ರಜನಿ ಧಾರವಾಡದ ಮಾಳಮಡ್ಡಿಯವಳು. ಅಮರಗೋಳದ ಮಾರ್ಕೆಟ್ಟಿನಲ್ಲಿ ಅವರ ಮನೆತನದ ಹತ್ತಿ ಅಂಗಡಿ ಇದೆ. ಅಣ್ಣ ಪ್ರಸಾದನ ಜೊತೆ ಆಕೆಯೇ ನೋಡಿಕೊಳ್ಳುತ್ತಾಳೆ. ಪುಣೆಯಲ್ಲಿ ಯಾರೋ ಮಾರಲಿಟ್ಟಿದ್ದ ಈ ಗಾಡಿಯನ್ನು, ಮನೆಯವರೆಲ್ಲ ಬೇಡವೆಂದರೂ, ಒಬ್ಬಳೇ ಹೋಗಿ ತಂದವಳು.

"ಇನ್ನೊಂದು ಮಾತ್ರಿ," ಎಂದಳು. ದನಿ ಇಳಿದಿತ್ತು. "ಅಣ್ಣ ಕೊಲ್ಲಾಪುರದ ಪಾರ್ಟಿ ಹುಡುಕ್ಯಾನ. ರವಿವಾರ ಗಾಡಿ ನೋಡಾಕ ಬರತಾರ. ಶನಿವಾರದೊಳಗ ಸರಿ ಆಗದಿದ್ರ ಕೊಟ್ಟಬಿಡತೇನಿ ಅಂತ ಮಾತ ಕೊಟ್ಟೇನಿ. ನನಗೂ ಸಾಕಾಗೇತ್ರಿ."

ಅಂದು ಗುರುವಾರ.

"ಸರಿ ಮಾಡತೇನ್ರಿ," ಎಂದೆ. ಮೂರು ಸಲವೂ ಹೀಗೇ ಅಂದಿದ್ದೆ.

ಆಕೆ ಬಾಗಿಲವರೆಗೆ ಹೋಗಿ ತಿರುಗಿದಳು. "ಹೇಳಿದ್ರ ಸಿಟ್ಟಾಗಬ್ಯಾಡ್ರಿ. ನಿಮ್ಮ ಕಡಿಂದ ಒಯ್ದ ದಿನಾನ ಇದು ಭಾಳ ಕೆಟ್ಟಿರತೈತಿ. ನಾ ಎಂಟ ಹತ್ತ ದಿನಾ ಓಡಿಸಿದ್ನಿ ಅಂದ್ರ ಸ್ವಲ್ಪ ಹಾದಿಗಿ ಬರತೈತಿ. ಅಷ್ಟರಾಗ ನನ್ನ ತಾಳ್ಮಿ ತೀರಿ ಮತ್ತ ನಿಮ್ಮ ಹತ್ರ ತರತೇನಿ."

ಸಿಟ್ಟೇನೂ ಬರಲಿಲ್ಲ. ಅವಮಾನವಾಯಿತು. ಊಟಕ್ಕೆ ಕೂತರೂ ಅದೇ ಮಾತು, ಬೇರೆ ಗಾಡಿಯ ಕೆಳಗೆ ಮಲಗಿದರೂ ಅದೇ ಮಾತು. ನಾನು ಮುಟ್ಟಿದ ದಿನವೇ ಎಲ್ಲಕ್ಕಿಂತ ಕೆಟ್ಟದ್ದಾಗಿರುವುದು ಹೇಗೆ?

"ಗೇರ್‌ಬಾಕ್ಸಿನ ಕಂಪ್ಯೂಟರ್ ಸತ್ತೈತಿ ಅಂತ ಹೇಳಿ ಕೈ ತೊಳ್ಕೊಳ್ಳೋ ಮಾರಾಯ," ಎಂದರು ಗ್ಯಾರೇಜಿನ ಮಾಲೀಕ ಶ್ರೀರಂಗಕಾಕಾ. "ಮಾರೂ ಗಾಡಿಗಿ ಯಾಕ ಇಷ್ಟ ತಲಿ ಕೆಡಿಸ್ಕೋತಿ?"

"ಸತ್ತಿಲ್ರಿ ಕಾಕಾ. ಛಲೋ ಐತಿ."

"ಛಲೋ ಇದ್ದದ್ದು ಹಿಂಗ ಮಾಡತೈತೇನು?"

ಸ್ಕ್ಯಾನರ್ ಎತ್ತಿಕೊಂಡು ಮತ್ತೆ ಗಾಡಿಯ ಕಡೆ ಹೋದೆ.

ಶುಕ್ರವಾರ ಮಧ್ಯಾಹ್ನ ಎಲ್ಲವನ್ನೂ ಮತ್ತೊಮ್ಮೆ ನೋಡಿ ಮುಗಿಸಿ, ಕೊನೆಗೆ ಯಾವಾಗಲೂ ಮಾಡುವುದನ್ನೇ ಮಾಡಲು ಹೊರಟೆ. ಇಂಥ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಓಡಿಸುವವರ ಕಾಲನ್ನು ಕಲಿಯುತ್ತದೆ. ಎಷ್ಟು ಬೇಗ ಒತ್ತುತ್ತಾರೆ, ಎಷ್ಟು ಆಳಕ್ಕೆ ಒತ್ತುತ್ತಾರೆ, ಯಾವಾಗ ಬಿಡುತ್ತಾರೆ ಎನ್ನುವುದನ್ನು ನೋಡಿಟ್ಟುಕೊಂಡು, ಗೇರ್ ಯಾವಾಗ ಬದಲಿಸಬೇಕೆಂದು ತಾನೇ ತೀರ್ಮಾನಿಸುತ್ತದೆ. ರಿಪೇರಿ ಆದ ಮೇಲೆ ಹಳೆಯದನ್ನೆಲ್ಲ ಅಳಿಸಿ, ಹೊಸದಾಗಿ ಒಂದಿಷ್ಟು ದೂರ ಓಡಿಸಿ ಕಲಿಸಬೇಕು. ಅದನ್ನು ನಾನು ಒಮ್ಮೆಯೂ ತಪ್ಪಿಸಿದವನಲ್ಲ.

'ಕಲಿತದ್ದನ್ನು ಅಳಿಸಲೇ?' ಎಂದು ಸ್ಕ್ಯಾನರ್ ಕೇಳಿತು.

ಬೆರಳು ಅಲ್ಲೇ ನಿಂತಿತು.

ಅಳಿಸಿದವನು ನಾನು. ಆಮೇಲೆ ನವನಗರದವರೆಗೆ ಹೋಗಿಬಂದು ಕಲಿಸಿದವನೂ ನಾನೇ. ಮೂರು ಸಲವೂ, ಹಾಲು ತುಂಬಿದ ಪಾತ್ರೆ ಒಯ್ಯುವ ಹಾಗೆ, ಎಕ್ಸಿಲರೇಟರಿಗೆ ಕಾಲು ತಾಗಿಯೂ ತಾಗದಂತೆ ಓಡಿಸಿದ್ದೆ. ಗಾಡಿ ಕಲಿತದ್ದು ಆ ಹೆದರಿದ ಕಾಲನ್ನು. ಮೊದಲ ಸಲ ಬಂದಾಗ ಅದರಲ್ಲಿದ್ದದ್ದು ಪುಣೆಯ ಹಳೆಯ ಮಾಲೀಕನ ಕಾಲು; ಅದನ್ನು ಅಳಿಸಿ ನನ್ನದನ್ನು ತುಂಬಿದ್ದೆ. ಆಕೆ ಒತ್ತಿದಾಗ ಅದಕ್ಕೆ ನಂಬಿಕೆಯೇ ಬರುತ್ತಿರಲಿಲ್ಲ. ನಂಬಿದ ಮೇಲೆ ಗಾಬರಿಬಿದ್ದು ಎರಡು ಗೇರ್ ಇಳಿಯುತ್ತಿತ್ತು. ಹತ್ತು ದಿನ ಓಡಿಸಿ ಆಕೆ ತನ್ನ ಕಾಲನ್ನು ಕಲಿಸುವಷ್ಟರಲ್ಲಿ, ನಾನು ಮತ್ತೆ ಅಳಿಸುತ್ತಿದ್ದೆ.

ಸ್ಟೂಲಿನ ಮೇಲೆ ಕೂತುಬಿಟ್ಟೆ. ಹೇಳಿದರೆ ಆಕೆ ಇನ್ನು ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ಗಾಡಿ ಕೊಲ್ಲಾಪುರಕ್ಕೆ ಹೋಗುತ್ತದೆ, ಆಗಲೂ ನೋಡುವುದಿಲ್ಲ. ಎರಡರಲ್ಲೂ ನನ್ನ ಪಾಲಿಗೆ ಏನೂ ಇರಲಿಲ್ಲ. ಒಂದರಲ್ಲಿ ಆಕೆಗೆ ಗಾಡಿಯಾದರೂ ಉಳಿಯುತ್ತಿತ್ತು.

ಫೋನ್ ಮಾಡಿದೆ. "ನಾಳೆ ಮುಂಜಾನೆ ಏಳಕ್ಕ ಗಾಡಿ ತೊಗೊಂಡು ನಿಮ್ಮ ಮನಿ ಹತ್ರ ಬರತೇನ್ರಿ. ನೀವ ಓಡಿಸಬೇಕು."

"ನಾ ಯಾಕ? ರಿಪೇರಿ ನಿಮ್ಮ ಕೆಲಸ."

"ಈ ಸಲ ನಿಮ್ಮದೂ ಐತ್ರಿ."

ಶನಿವಾರ ಮಾಳಮಡ್ಡಿಯಲ್ಲಿ ಗಾಡಿ ನಿಲ್ಲಿಸಿ, ಆಕೆಯ ಎದುರಿಗೇ ಎಲ್ಲ ಅಳಿಸಿದೆ. ಧಾರವಾಡ ದಾಟಿ ಗರಗದ ಕಡೆ ಹೊರಟೆವು. ಎರಡೂ ಬದಿ ಕಡಲೆಯ ಹೊಲ, ರಸ್ತೆ ಖಾಲಿ. ಆಕೆ ಸ್ಟೀರಿಂಗ್ ಹಿಂದೆ, ನಾನು ಮಡಿಲಲ್ಲಿ ಸ್ಕ್ಯಾನರ್ ಇಟ್ಟುಕೊಂಡು ಪಕ್ಕದಲ್ಲಿ.

"ಕಾಲು ಒಂದ ಸಮ ಇಡ್ರಿ. ನಾಕನೇ ಗೇರ್ ಬೀಳೂ ತನಕಾ. ಈಗ ಬಿಡ್ರಿ. ಬ್ರೇಕ್ ಹಾಕಬ್ಯಾಡ್ರಿ, ತಾನ ನಿಲ್ಲಲಿ."

"ಇದು ಗಾಡಿಗಿ ಸಾಲಿಯೋ, ನನಗ ಸಾಲಿಯೋ?"

"ಗಾಡಿಗ್ರಿ. ಮತ್ತೊಮ್ಮೆ."

"ಮಾಸ್ತರು ಭಾಳ ಕಟ್ಟಾ ಅದಾರ," ಎಂದು ಓರೆಗಣ್ಣಿನಲ್ಲಿ ನೋಡಿದಳು. ತುಟಿಯ ಒಂದು ತುದಿ ಮಾತ್ರ ನಕ್ಕಿತು. ನಾನು ಸ್ಕ್ಯಾನರಿನ ಅಂಕಿಗಳನ್ನು ನೋಡಿದೆ. ಒಂದೂ ಕಣ್ಣಿಗೆ ಹತ್ತಲಿಲ್ಲ.

ಐದನೇ ಸಲಕ್ಕೆ ಗೇರುಗಳು ಬೆಣ್ಣೆಯ ಹಾಗೆ ಜಾರತೊಡಗಿದವು. "ಈಗ ನಿಮ್ಮ ಮನಸಿಗಿ ಬಂದಂಗ ಒತ್ರಿ," ಎಂದೆ.

ಒತ್ತಿದಳು. ಆ ಒಂದು ಕ್ಷಣದ ತಡ ಇರಲೇ ಇಲ್ಲ. ಬೆನ್ನು ಸೀಟಿಗೆ ಅಂಟಿತು, ಹೊಲಗಳು ಹಿಂದಕ್ಕೆ ಓಡಿದವು. ಆಕೆ ಬಾಯಿ ತೆರೆದು ನಕ್ಕಳು. ಎರಡು ತಿಂಗಳಲ್ಲಿ ಆ ನಗುವನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

"ಅಲ್ರಿ, ಇದನ್ನ ಮೊದಲ ಯಾಕ ಮಾಡ್ಲಿಲ್ಲ?"

ಕಂಪನಿಯವರು ಈಗಷ್ಟೇ ತಿಳಿಸಿದರು ಎನ್ನುವ ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ನುಂಗಿದೆ.

"ತಪ್ಪು ನಂದ್ರಿ. ಗಾಡಿದು ಏನೂ ಇರಲಿಲ್ಲ. ಪ್ರತಿ ಸಲಾ ಅಳಿಸಿ, ನಾನ ಓಡಿಸಿ ಕಲಿಸಿದ್ನಿ. ಅದು ನನ್ನ ಅಂಜಿದ ಕಾಲು ಕಲೀತು. ಅದಕ್ಕ ನಿಮಗ ಹಂಗ ಆತು."

ಗಾಡಿ ನಿಧಾನವಾಗಿ ರಸ್ತೆಯ ಬದಿಗೆ ಬಂದು ನಿಂತಿತು. ಎರಡು ಹುಬ್ಬೂ ಒಟ್ಟಿಗೇ ಏರಿದ್ದವು.

"ಮೂರು ಸಲಾ?"

"ಮೂರೂ ಸಲಾರಿ."

"ಎರಡು ತಿಂಗಳಿಂದ ಅಣ್ಣನ ಜೋಡಿ ಜಗಳಾ ಆಡೇನಿ. ಊಟಾ ಬಿಟ್ಟೇನಿ. ನನಗ ಗಾಡಿ ಆರಿಸಾಕ ಬರೂದಿಲ್ಲ ಅಂತ ಮನ್ಯಾಗ ಎಲ್ಲಾರೂ ಅಂದ್ರು, ಕೇಳ್ಕೊಂಡೇನಿ. ನಿಮ್ಮ ಕಾಲಿನ ಸಲುವಾಗಿ?"

"ಹೌದ್ರಿ."

ಅದು ತಮಾಷೆಯ ಸಿಟ್ಟಾಗಿರಲಿಲ್ಲ. ಆಕೆ ಎಂಜಿನ್ ಆರಿಸಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಇಳಿದು ನಡೆದುಕೊಂಡು ಧಾರವಾಡಕ್ಕೆ ಹೋಗಿಬಿಡಲೇ ಎಂದು ಯೋಚಿಸಿದೆ.

"ಎಲ್ಲಾರ ಗಾಡೀನೂ ಹಿಂಗ ಅಂಜಕೋತ ಓಡಸ್ತೀರೇನು?"

"ಇಲ್ರಿ. ಬ್ಯಾರೆ ಗಾಡಿ ಛಲೋ ಓಡಸ್ತೇನಿ."

"ಮತ್ತ ನಂದಕ್ಕೇನಾಗಿತ್ತು?"

ಈಗ ಹೇಳದಿದ್ದರೆ ಇನ್ನು ಹೇಳುವುದೇ ಇಲ್ಲ ಎಂದು ಗೊತ್ತಾಯಿತು. "ಇದರಾಗ ಕೂತ್ನಿ ಅಂದ್ರ ನಿಮ್ಮ ಅತ್ತರಿನ ವಾಸನಿ ಬರತಿತ್ತು. ನೀವ ಪಕ್ಕಕ್ಕ ಕೂತಂಗ ಅನಸ್ತಿತ್ತು. ಒಂದು ಗೀರು ಬಿದ್ರೂ ನಿಮಗ ಹೆಂಗ ಮಾರಿ ತೋರಿಸ್ಲಿ ಅಂತ ಒತ್ತಾಕ ಕಾಲ ಬರತಿರಲಿಲ್ರಿ. ನೀವು ಮತ್ತ ಬರಲಿ ಅಂತ ಬೇಕಂತ ಮಾಡಿದ್ದಲ್ಲ. ಖರೇನ ಗೊತ್ತಿರಲಿಲ್ಲ. ಆದ್ರ ನೀವು ಬಂದಾಗೆಲ್ಲಾ ಛಲೋ ಅನಸ್ತಿತ್ತು. ಅದೂ ತಪ್ಪ."

ಆಕೆ ತಿರುಗಿ ನೋಡಿದಳು. ನೇರವಾಗಿ, ರೆಪ್ಪೆ ಬಡಿಯದೆ, ಗ್ಯಾರೇಜಿನಲ್ಲಿ ಒಮ್ಮೆಯೂ ನೋಡದಷ್ಟು ಹೊತ್ತು.

"ಇಷ್ಟ ಹೇಳಾಕ ಎರಡು ತಿಂಗಳು, ಒಂದು ಸೆನ್ಸರ್, ನಾಕು ಡಬ್ಬಿ ಆಯಿಲ್ ಬೇಕಾತೇನ್ರಿ?"

"ತಪ್ಪಾತ್ರಿ ಮೇಡಂ."

"ಇನ್ನೊಮ್ಮೆ ಮೇಡಂ ಅಂದ್ರ ಇಲ್ಲೇ ಇಳಸ್ತೇನಿ."

ಫೋನ್ ತೆಗೆದು ಅಣ್ಣನಿಗೆ ಹಚ್ಚಿದಳು. "ಅಣ್ಣಾ, ಕೊಲ್ಲಾಪುರದವ್ರಿಗಿ ಬರಬ್ಯಾಡ ಅಂತ ಹೇಳು. ಹೂಂ, ಸರಿ ಆತು. ಗಾಡಿ ನೆಟ್ಟಗ ಇತ್ತು, ಮೆಕ್ಯಾನಿಕ್ ಕೆಟ್ಟಿದ್ದ. ಮನಿಗಿ ಬಂದು ಹೇಳತೇನಿ."

ಆಮೇಲೆ ಬಾಗಿಲು ತೆಗೆದು ಇಳಿದಳು. ಬಾನೆಟ್ ಸುತ್ತಿ ಬಂದು ನನ್ನ ಕಡೆಯ ಗಾಜು ತಟ್ಟಿದಳು. "ಆ ಕಡಿ ಹೋಗ್ರಿ. ನೀವ ಓಡಸ್ರಿ."

"ಬ್ಯಾಡ್ರಿ, ಈಗ ಸರಿಯಾಗೇತಿ. ಮತ್ತ ನನ್ನ ಕಾಲು ಕಲೀತೈತಿ."

"ಕಲೀಲಿ. ಇಬ್ಬರದೂ ಕಲೀಲಿ. ಆದ್ರ ಅಂಜಕೋತ ಒತ್ತಿದ್ರ ನೋಡ್ರಿ."

ಹೋಗಿ ಕೂತೆ. ಸೀಟು ಇನ್ನೂ ಬೆಚ್ಚಗಿತ್ತು. ಆಟೊಮ್ಯಾಟಿಕ್ ಗಾಡಿಯಲ್ಲಿ ಹೊರಟ ಮೇಲೆ ಎಡಗೈಗೆ ಕೆಲಸವಿರುವುದಿಲ್ಲ. ಆದರೂ ಗಾಬರಿಯಲ್ಲಿ ಗೇರ್ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದೆ. ರಜನಿ ಅದನ್ನು ನೋಡಿದಳು. ತನ್ನ ಕೈಯನ್ನು ನನ್ನ ಕೈಯ ಮೇಲಿಟ್ಟು, ರಸ್ತೆಯ ಕಡೆ ಗದ್ದ ಎತ್ತಿ ತೋರಿಸಿದಳು.

ಒತ್ತಿದೆ.